ಮೂರು ಸಲ ಓದಿದ ಕೆಂಪು

ನನ್ನ ಎಡಗೈ ಮಣಿಕಟ್ಟು ಮುರಿದದ್ದು ಒಂದು ಮಂಗಳವಾರ ಮಧ್ಯಾಹ್ನ, ನಿಪ್ಪಾಣಿಯ ಒಂದು ಲೇಬಲ್ ಮುದ್ರಿಸುವ ಅಂಗಡಿಯಲ್ಲಿ. ಆ ಪೆಟ್ಟು ನನಗೆಂದು ಬಂದದ್ದಲ್ಲ. ಅಂಗಡಿಯ ಮಾಲೀಕರಿಬ್ಬರು ಅಣ್ಣತಮ್ಮಂದಿರು. ಅಣ್ಣ ತಮ್ಮನ ತಲೆಗೆ ಎತ್ತಿದ ಕಬ್ಬಿಣದ ರಾಡಿಗೆ ನಾನು ಕೈ ಅಡ್ಡ ಹಿಡಿದೆ. ಮೂಳೆ ಮುರಿದ ಸದ್ದು ಕೇಳಿಸಿತು. ದೊಡ್ಡ ಸದ್ದೇನಲ್ಲ, ಹಪ್ಪಳ ಮುರಿದಷ್ಟು. ರಾಡು ನನ್ನ ಕೈಯನ್ನು ದಾಟಿಕೊಂಡು ಹೋಗಿ ತಮ್ಮನ ಹಣೆಯ ಎಡಭಾಗಕ್ಕೆ ಬಡಿಯಿತು.

ಇಷ್ಟೆಲ್ಲ ಆದದ್ದು ಒಂದು ಕೆಂಪು ಬಣ್ಣದ ಸಲುವಾಗಿ. ಅದು ಸರಿಯಿದೆ ಅಂತ ಒಬ್ಬರು, ಸರಿಯಿಲ್ಲ ಅಂತ ಇನ್ನೊಬ್ಬರು. ಯಾರ ಮಾತು ನಿಜ ಎಂದು ಒಂದೇ ನಿಮಿಷದಲ್ಲಿ ತೋರಿಸಬಹುದಾಗಿದ್ದ ಹಾಳೆ ನಾಲ್ಕು ಹೆಜ್ಜೆ ದೂರದ ಕಪಾಟಿನಲ್ಲಿತ್ತು. ಅದು ಅಲ್ಲಿರುವುದು ನನಗೊಬ್ಬಳಿಗೇ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಯಾಕೆ ಬಿಡಲಿಲ್ಲ ಅನ್ನುವುದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನನ್ನ ಊರು ಭೋಜ. ಅವ್ವ ನಿಪ್ಪಾಣಿಯ ತಂಬಾಕಿನ ಗೋದಾಮುಗಳಲ್ಲಿ ಎಲೆ ಆರಿಸಿ ನನ್ನನ್ನು ಬೆಳೆಸಿದವಳು. ನನ್ನನ್ನು ಆ ಘಾಟಿನಿಂದ ದೂರ ಇಡಬೇಕು ಅಂತ ಚಿಕ್ಕೋಡಿಗೆ ಕಂಪ್ಯೂಟರ್ ಕಲಿಯಲು ಕಳಿಸಿದಳು. ಕಲಿತು ಬಂದು ಕೆಲವು ವರ್ಷ ಲಗ್ನಪತ್ರಿಕೆಯ ಅಂಗಡಿಯಲ್ಲಿ ಅಕ್ಷರ ಜೋಡಿಸಿದೆ. ಆಮೇಲೆ ಈ ಲೇಬಲ್ ಅಂಗಡಿಗೆ ಸೇರಿದೆ. ಅಂಗಡಿ ಇದ್ದದ್ದು ತಂಬಾಕಿನ ಗೋದಾಮುಗಳ ಹಿಂದಿನ ಓಣಿಯಲ್ಲೇ. ಅವ್ವ ಕೆಲಸ ಮಾಡುತ್ತಿದ್ದ ಗೋದಾಮಿಗೂ ನಮ್ಮ ಅಂಗಡಿಗೂ ನಡುವೆ ಒಂದೇ ಗೋಡೆ.

ಅಣ್ಣನನ್ನು ಅಂಗಡಿಯಲ್ಲಿ ಎಲ್ಲರೂ ದಾದಾ ಅನ್ನುತ್ತಿದ್ದರು. ಐವತ್ತು ದಾಟಿದವರು, ಹಳೆಯ ಆಫ್‌ಸೆಟ್ ಮಷೀನಿನ ಮುಂದೆ ನಿಂತೇ ಬೆಳೆದವರು. ಶಾಯಿಯನ್ನು ಬೆರಳ ತುದಿಯಿಂದ ಕಾಗದದ ಮೇಲೆ ತಟ್ಟಿ, ಬಾಗಿಲ ಬೆಳಕಿಗೆ ಹಿಡಿದು, ಇದರಲ್ಲಿ ಹಳದಿ ಒಂದು ಚೂರು ಹೆಚ್ಚಾಗಿದೆ ಅನ್ನುತ್ತಿದ್ದರು. ಹೆಚ್ಚಾಗಿಯೇ ಇರುತ್ತಿತ್ತು. ಅವರ ಕೈಯೂ ಕಣ್ಣಿನಷ್ಟೇ ಚುರುಕು. ತಪ್ಪು ಮಾಡಿದವರಿಗೆ ಮೊದಲು ಪೆಟ್ಟು, ಮಾತು ಆಮೇಲೆ. ಉಕ್ಕಿನ ಪಟ್ಟಿಯನ್ನು ಅಡ್ಡ ಮಾಡಿ ಬೆರಳ ಗಿಣ್ಣಿಗೆ ಹೊಡೆಯುತ್ತಿದ್ದರು. ದೊಡ್ಡ ಗಂಡಸರು ಕೈ ಬಾಯಿಗೆ ಇಟ್ಟುಕೊಂಡು ಕುಣಿಯುವುದನ್ನು ನಾನು ನೋಡಿದ್ದೇನೆ.

ತಮ್ಮ ಅವರಿಗಿಂತ ಹನ್ನೆರಡು ವರ್ಷ ಚಿಕ್ಕವರು. ನಮಗೆಲ್ಲ ಅವರು ಸಣ್ಣ ಮಾಲೀಕರು. ಅವರು ಯಾರಿಗೂ ಹೊಡೆದವರಲ್ಲ, ಆದರೆ ನಗುತ್ತಿದ್ದರು. ಅಣ್ಣನ ಕಣ್ಣಿನ ಮೇಲೆ ಅಂಗಡಿ ನಡೆಯುವ ಕಾಲ ಮುಗಿಯಿತು ಅಂತ ಅಣ್ಣನ ಎದುರಿಗೇ ಹೇಳಿ ನಗುತ್ತಿದ್ದರು. ಹೊಸ ಡಿಜಿಟಲ್ ಲೇಬಲ್ ಮಷೀನು ತಂದವರು ಅವರೇ. ಅದರ ಜೊತೆಗೆ ಬಣ್ಣ ಅಳೆಯುವ ಯಂತ್ರವನ್ನೂ ತಂದರು. ಬಟ್ಟೆ ಸಾಬೂನಿಗಿಂತ ತುಸು ಉದ್ದ, ಒಂದು ಹಿಡಿಯಲ್ಲಿ ಹಿಡಿಸುವಂಥದ್ದು. ಅದಕ್ಕೆ ನಾವು ಸ್ಪೆಕ್ಟ್ರೋ ಅನ್ನುತ್ತಿದ್ದೆವು.

ಅದರ ಕೆಲಸ ಹೀಗೆ. ಹೊಸ ಕಾಗದದ ರೋಲು ಬಂದಾಗ, ಇಲ್ಲವೇ ಶಾಯಿ ಬದಲಾದಾಗ, ನೂರಾರು ಸಣ್ಣ ಬಣ್ಣದ ಚೌಕಗಳಿರುವ ಒಂದು ಚಾರ್ಟ್ ಮುದ್ರಿಸಬೇಕು. ಅದನ್ನು ಮೇಜಿನ ಮೇಲೆ ಹರಡಿ, ಒಂದೊಂದು ಸಾಲಿನ ಪಕ್ಕಕ್ಕೂ ಉಕ್ಕಿನ ಪಟ್ಟಿ ಒತ್ತಿ ಹಿಡಿದು, ಪಟ್ಟಿಯ ಅಂಚಿಗೆ ಸ್ಪೆಕ್ಟ್ರೋವನ್ನು ಒಂದೇ ವೇಗದಲ್ಲಿ ಜಾರಿಸಬೇಕು. ಅದು ಚೌಕಗಳನ್ನು ಓದಿ ಅಂಕಿಗಳನ್ನು ಕಂಪ್ಯೂಟರಿಗೆ ಕೊಡುತ್ತದೆ. ನಾವು ಕೇಳಿದ ಬಣ್ಣ ಯಾವುದು, ಮಷೀನು ಕೊಟ್ಟದ್ದು ಯಾವುದು ಅಂತ ಕಂಪ್ಯೂಟರ್ ಹೋಲಿಸಿ ಮುಂದಿನ ಮುದ್ರಣವನ್ನು ತಿದ್ದುತ್ತದೆ. ಆ ತಿದ್ದುಪಡಿಗೆ ಪ್ರೊಫೈಲ್ ಅನ್ನುತ್ತಾರೆ. ಓದಿದ ಅಂಕಿ ತಪ್ಪಾದರೆ ಪ್ರೊಫೈಲ್ ತಪ್ಪು, ಪ್ರೊಫೈಲ್ ತಪ್ಪಾದರೆ ಆ ರೋಲಿನಲ್ಲಿ ಮುದ್ರಿಸಿದ ಕೊನೆಯ ಲೇಬಲಿನವರೆಗೂ ತಪ್ಪು. ಓದಲು ಶುರು ಮಾಡುವ ಮೊದಲು ಯಂತ್ರವನ್ನು ಅದರದ್ದೇ ತಟ್ಟೆಯಲ್ಲಿರುವ ಒಂದು ಬಿಳಿ ಬಿಲ್ಲೆಯ ಮೇಲೆ ಕೂರಿಸಿ, ಬಿಳಿ ಅಂದರೆ ಇದು ಅಂತ ಅದಕ್ಕೆ ತೋರಿಸಬೇಕು.

ನನಗಿಂತ ಮೊದಲು ಆ ಕೆಲಸ ಮಾಡುತ್ತಿದ್ದವನು ಕೊಗನೊಳ್ಳಿಯ ಒಬ್ಬ. ನಾನಾಗ ಪಕ್ಕದ ಮೇಜಿನಲ್ಲಿ ಅಕ್ಷರ ಜೋಡಿಸುತ್ತಿದ್ದೆ. ಒಂದು ದಿನ ಅವನು ಒಂದೇ ಚಾರ್ಟನ್ನು ಎರಡು ಸಲ ಓದಿದ, ಅಂಕಿಗಳು ಎರಡು ಥರ ಬಂದವು. ಪ್ರಾಮಾಣಿಕ ಮನುಷ್ಯ. ಹೋಗಿ ದಾದಾಗೆ ಅದನ್ನೇ ಹೇಳಿದ. ತಮ್ಮನ ಯಂತ್ರದ ಮೇಲಿನ ಸಿಟ್ಟೆಲ್ಲ ದಾದಾ ಅವನ ಮೇಲೆ ತೀರಿಸಿಕೊಂಡರು. ಅಂಗೈ ಅಗಲ ಮಾಡಿ ಎಡಗಿವಿಯ ಮೇಲೆ ಹೊಡೆದರು. ಅವನು ಕೆಳಗೆ ಬಿದ್ದ. ಬಿದ್ದವನ ಹೊಟ್ಟೆಗೆ ಒದ್ದರು. ಅವನ ಕಿವಿಯಿಂದ ರಕ್ತದ ಎಳೆಯೊಂದು ಅಂಗಿಯ ಕಾಲರಿಗೆ ಇಳಿದದ್ದು ಈಗಲೂ ನನ್ನ ಕಣ್ಣ ಮುಂದಿದೆ. ಮರುದಿನ ಅವನು ಬರಲಿಲ್ಲ. ಆ ಕಿವಿ ಕೇಳಿಸುವುದೇ ಹೋಯಿತು ಅಂತ ಆಮೇಲೆ ತಿಳಿಯಿತು. ಸಣ್ಣ ಮಾಲೀಕರು ಸ್ಪೆಕ್ಟ್ರೋ ತಂದು ನನ್ನ ಮೇಜಿನ ಮೇಲೆ ಇಟ್ಟರು.

ಮೊದಲ ತಿಂಗಳು ನನಗೂ ಅದೇ ಗತಿ. ಒಂದು ಸಲ ಓದಿದ ಅಂಕಿ ಇನ್ನೊಂದು ಸಲ ಬರುತ್ತಿರಲಿಲ್ಲ. ದಾದಾ ಹೆಂಗಸರಿಗೆ ಕಪಾಳಕ್ಕೆ ಹೊಡೆಯುತ್ತಿರಲಿಲ್ಲ, ಅದು ಅವರ ನೀತಿ. ಬದಲಿಗೆ ನನ್ನ ಕೂದಲು ಹಿಡಿದು, ಮೂಗು ಹಾಳೆಗೆ ತಾಗುವಷ್ಟು ತಲೆಯನ್ನು ಬಗ್ಗಿಸಿ ಒತ್ತಿ ಹಿಡಿದರು. ಶಾಯಿಯ ವಾಸನೆ ಗಂಟಲಿಗೆ ಇಳಿಯಿತು. ಬಿಟ್ಟಾಗ ನನ್ನ ಕೆನ್ನೆಯ ಮೇಲೆ ಬಣ್ಣದ ಚೌಕಗಳು ಅಂಟಿದ್ದವು. ಅದರಿಂದಲೇ ನನಗೊಂದು ವಿಷಯ ಹೊಳೆಯಿತು: ಶಾಯಿ ಇನ್ನೂ ಒಣಗಿರಲಿಲ್ಲ. ಹಸಿ ಶಾಯಿಯ ಬಣ್ಣ ಬೇರೆ, ಒಣಗಿದ ಮೇಲಿನ ಬಣ್ಣ ಬೇರೆ.

ಅಂದಿನಿಂದ ಚಾರ್ಟನ್ನು ಒಂದು ದಿನ ಒಣಗಲು ಬಿಟ್ಟೆ. ಮೇಜಿನ ಮೇಲಿನ ಕಪ್ಪು ರಬ್ಬರು ತೆಳು ಲೇಬಲಿನ ಮೂಲಕ ಕಾಣುತ್ತಿತ್ತು, ಅದಕ್ಕೆ ಕೆಳಗೆ ದಪ್ಪ ಬಿಳಿ ರಟ್ಟು ಹಾಕಿದೆ. ಕೈಯ ವೇಗ ಒಂದೇ ಸಮ ಬರಲಿ ಅಂತ ಉಸಿರು ಎಣಿಸುತ್ತ ಜಾರಿಸುವುದನ್ನು ರೂಢಿ ಮಾಡಿಕೊಂಡೆ. ಪ್ರತಿ ಚಾರ್ಟನ್ನೂ ಮೂರು ಸಲ ಓದಿದೆ. ನಿಧಾನಕ್ಕೆ ಮೂರೂ ಸಲ ಒಂದೇ ಅಂಕಿ ಬರತೊಡಗಿತು. ಅದರ ಸುಖ ಹೇಳಿದರೆ ಯಾರೂ ನಂಬುವುದಿಲ್ಲ. ಇಡೀ ಅಂಗಡಿಯಲ್ಲಿ ಒದೆತ ತಪ್ಪಿಸಿಕೊಂಡ ಏಕೈಕ ಮೂಲೆ ನನ್ನ ಮೇಜು.

ಆದರೆ ಮೂರೂ ಸಲ ಒಂದೇ ಬಂದ ಮಾತ್ರಕ್ಕೆ ಅದು ನಿಜವೇ ಆಗಬೇಕೆಂದಿಲ್ಲ, ಅನ್ನುವ ಸಂಶಯ ನನ್ನಲ್ಲಿ ಎಲ್ಲೋ ಇತ್ತು. ಅದಕ್ಕೇ ಮೊದಲ ಒಳ್ಳೆಯ ಚಾರ್ಟೊಂದನ್ನು ಕಪ್ಪು ಲಕೋಟೆಯಲ್ಲಿ ಹಾಕಿ ಕಪಾಟಿನಲ್ಲಿ ಇಟ್ಟಿದ್ದೆ. ತಿಂಗಳಿಗೊಮ್ಮೆ ತೆಗೆದು ಓದಿ, ಮೊದಲ ದಿನದ ಅಂಕಿಗೆ ಹೋಲಿಸುತ್ತಿದ್ದೆ. ಕತ್ತಲಲ್ಲಿ ಇಟ್ಟ ಹಾಳೆ ಬದಲಾಗುವುದಿಲ್ಲ. ಅಂಕಿ ಬದಲಾದರೆ ಬದಲಾದದ್ದು ಯಂತ್ರ, ಅಥವಾ ನಾನು. ಇದನ್ನು ಯಾರಿಗೂ ಹೇಳಿರಲಿಲ್ಲ.

ಸಂಕ್ರಾಂತಿ ಆದ ಮೇಲೆ ಪಕ್ಕದ ಗೋದಾಮಿಗೆ ತಂಬಾಕು ಬಂತು. ಓಣಿಯಲ್ಲಿ ನಡೆಯುವವರೆಲ್ಲ ಸೀನುವ ಕಾಲ. ಆ ತಿಂಗಳು ಕಪ್ಪು ಲಕೋಟೆಯ ಹಾಳೆ ಓದಿದಾಗ ಮೊದಲ ದಿನದ ಅಂಕಿಗೂ ಈಗಿನದಕ್ಕೂ ಒಂದರಷ್ಟು ಫರಕು ಬಂತು. ಕಣ್ಣಿಗೆ ಕಾಣದಷ್ಟು. ಮುಂದಿನ ತಿಂಗಳು ಮೂರಕ್ಕೆ ಹತ್ತಿರ. ಅಷ್ಟಾದರೆ ಬಲ್ಲವರ ಕಣ್ಣಿಗೆ ಕಾಣುತ್ತದೆ. ಹೊಸ ಚಾರ್ಟುಗಳು ಮಾತ್ರ ಮೂರೂ ಸಲ ಒಂದೇ ಅಂಕಿ ಕೊಡುತ್ತಿದ್ದವು. ಸಣ್ಣ ಮಾಲೀಕರು ನೋಡುತ್ತಿದ್ದದ್ದು ಅದನ್ನೇ. ನೋಡಿ ಖುಷಿಯಾಗುತ್ತಿದ್ದರು.

ಹೇಳಬೇಕು ಅಂತ ಎರಡು ಸಲ ಎದ್ದು ಹೋದೆ. ಒಂದು ಸಲ ದಾದಾ ಕತ್ತರಿಸುವ ಮಷೀನಿನವನ ಗಿಣ್ಣಿಗೆ ಹೊಡೆಯುತ್ತಿದ್ದರು. ಇನ್ನೊಂದು ಸಲ ಬರೀ ಕೂತು ಚಹಾ ಕುಡಿಯುತ್ತಿದ್ದರು. ಆದರೂ ನನ್ನ ಕಾಲು ಮುಂದೆ ಹೋಗಲಿಲ್ಲ, ಕೊಗನೊಳ್ಳಿಯವನ ಕಾಲರು ನೆನಪಾಯಿತು. ಮೂರನೆಯ ತಿಂಗಳು ಲಕೋಟೆಯನ್ನು ಕಪಾಟಿನಿಂದ ತೆಗೆಯಲೇ ಇಲ್ಲ. ತೆಗೆಯದಿದ್ದರೆ ಫರಕು ಇಲ್ಲ ಅನ್ನುವ ಹಾಗೆ. ಅದೇ ತಿಂಗಳು ಹೊಸ ರೋಲುಗಳು ಬಂದವು, ನಾನು ಹೊಸ ಪ್ರೊಫೈಲ್ ಮಾಡಿದೆ.

ಅಥಣಿಯ ಕಡೆಯ ಒಬ್ಬ ಖಾರದ ಪುಡಿ ವ್ಯಾಪಾರಿ ನಮ್ಮ ಹಳೆಯ ಗಿರಾಕಿ. ಆ ರೋಲಿನಲ್ಲೇ ಅವನ ಲೇಬಲುಗಳನ್ನು ಮುದ್ರಿಸಿ ಕಳಿಸಿದೆವು. ಆ ಮಂಗಳವಾರ ಅವನು ಇಬ್ಬರು ಆಳುಗಳನ್ನು ಕರೆದುಕೊಂಡು ಬಂದ. ಒಂದು ಕೈಯಲ್ಲಿ ಹಳೆಯ ಲೇಬಲಿನ ಡಬ್ಬಿ, ಇನ್ನೊಂದರಲ್ಲಿ ಹೊಸದು. ಹಳೆಯದು ಕಡುಗೆಂಪು. ಹೊಸದು ಕಿತ್ತಳೆಯ ಕಡೆಗೆ ವಾಲಿತ್ತು, ನಾಲ್ಕು ದಿನ ಬಿಸಿಲಿಗೆ ಬಿದ್ದ ಮೆಣಸಿನಕಾಯಿಯ ಹಾಗೆ. ಕಲಬೆರಕೆ ಖಾರ ಅಂತ ಸಂತೆಯಲ್ಲಿ ಜನ ಕೈಗೆತ್ತಿಕೊಂಡು ವಾಪಸ್ ಇಡುತ್ತಿದ್ದಾರೆ ಅಂದ. ದಾದಾ ಡಬ್ಬಿಗಳನ್ನು ನೋಡಿ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅವನು ಹೊಸ ಡಬ್ಬಿಯ ಮುಚ್ಚಳ ಕಿತ್ತು ಖಾರವನ್ನು ಅವರ ಮುಖಕ್ಕೆ ಎರಚಿದ.

ದಾದಾ ಕಣ್ಣು ಹಿಡಿದುಕೊಂಡು ಕುಸಿದರು. ಆಳುಗಳಲ್ಲಿ ಒಬ್ಬ ಅವರ ಅಂಗಿ ಹಿಡಿದು ಎತ್ತಿ ಗೋಡೆಗೆ ಬಡಿದ. ಇನ್ನೊಬ್ಬ ಶಾಯಿಯ ಬಾಟಲಿಗಳಿದ್ದ ಹಲಗೆಯನ್ನೇ ಎಳೆದು ಕೆಡವಿದ. ನೆಲದ ಮೇಲೆ ನೀಲಿ, ಕೆಂಪು, ಹಳದಿ ಕೂಡಿಕೊಂಡು ಕಾಲಡಿಗೆ ಹರಿದವು. ವ್ಯಾಪಾರಿ ಎಲ್ಲರ ಎದುರಿಗೆ ದಾದಾಗೆ ಎಡಕ್ಕೊಂದು ಬಲಕ್ಕೊಂದು ಕೊಟ್ಟ. ನಾವು ಆರು ಜನ ಇದ್ದೆವು. ಯಾರೂ ಅಲ್ಲಾಡಲಿಲ್ಲ. ಗಿಣ್ಣಿಗೆ ಪೆಟ್ಟು ತಿಂದ ಕತ್ತರಿಯವನ ಮುಖದಲ್ಲಿ ಒಂದು ಬಗೆಯ ನಿರಾಳ ಇತ್ತು. ನನ್ನ ಮುಖದಲ್ಲೂ ಇದ್ದಿರಬಹುದು. ಹಳೆಯ ಡಬ್ಬಿಯನ್ನು ಬಗಲಲ್ಲಿ ಇಟ್ಟುಕೊಂಡು ವ್ಯಾಪಾರಿ ಹೊರಟುಹೋದ. ಉಳಿದವರೆಲ್ಲ ಗಲಾಟೆ ಮುಗಿಯಿತೆಂದು ಹೊರಗೆ ಓಣಿಗೆ ಇಳಿದರು.

ದಾದಾ ಮುಖ ತೊಳೆದುಕೊಂಡು ಬಂದರು. ಕಣ್ಣುಗಳು ಊದಿ ಸಂದಿಯಾಗಿದ್ದವು. ತಮ್ಮನ ಎದುರು ನಿಂತು, ಕೆಂಪಿನಲ್ಲಿ ಹಳದಿ ಹೆಚ್ಚಾಗಿದೆ, ಲೇಬಲು ಹೋಗುವ ದಿನವೇ ನಾನು ಹೇಳಿದ್ದೆ, ನೀನು ಕೇಳಲಿಲ್ಲ ಅಂದರು. ಹೇಳಿದ್ದು ನಿಜ. ಸಣ್ಣ ಮಾಲೀಕರು ಅವತ್ತೂ ನಕ್ಕಿದ್ದರು. ಈಗ ಒಂದು ಹೊಸ ಲೇಬಲು ತಂದು ನನ್ನ ಮೇಜಿನ ಮೇಲೆ ಇಟ್ಟು, ಇವರ ಮುಂದೆ ಓದು ಅಂದರು.

ನಾನು ಬಿಳಿ ಬಿಲ್ಲೆಯ ಮೇಲೆ ಯಂತ್ರ ಕೂರಿಸಿ ತೆಗೆದು ಕೆಂಪನ್ನು ಓದಿದೆ. ಬೇಕಾದ ಅಂಕಿಯೇ ಬಂತು. ಎರಡನೆಯ ಸಲ ಅದೇ. ಮೂರನೆಯ ಸಲ ಅದೇ. ಸಣ್ಣ ಮಾಲೀಕರು ಅಣ್ಣನ ಮುಖ ನೋಡಿ ನಕ್ಕರು.

"ಖಾರ ಬೀಳೂಕಿಂತ ಮದಲನ ನಿನ್ನ ಕಣ್ಣ ಹೋಗಿದ್ವು ದಾದಾ," ಅಂದರು. "ಮಷೀನ್ ಸುಳ್ಳ ಹೇಳಂಗಿಲ್ಲ."

ದಾದಾ ನನ್ನ ಕಡೆ ತಿರುಗಿದರು. ಅವರ ಮಾತು ಅಷ್ಟು ಮೆತ್ತಗೆ ಬಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. "ನೀ ಹೇಳವಾ. ಖರೇನ ಇದು?"

ಕಪಾಟು ಅಲ್ಲೇ ಇತ್ತು. ನಾನು ಹೇಳಿದೆ: "ಮೂರೂ ಸಲ ಒಂದ ಬಂದೈತ್ರಿ."

ಅವರು ಕೇಳಿದ್ದು ಅದನ್ನಲ್ಲ. ನನಗೆ ಗೊತ್ತಿತ್ತು.

ರೋಲುಗಳನ್ನು ಪೋಣಿಸುವ ಕಬ್ಬಿಣದ ರಾಡು ಮಷೀನಿಗೆ ಒರಗಿಕೊಂಡಿತ್ತು. ದಾದಾ ಅದನ್ನು ಎತ್ತಿದ್ದು ಕಂಡಿತು, ನಾನು ಎದ್ದದ್ದು ನೆನಪಿಲ್ಲ. ಮೊದಲ ಪೆಟ್ಟು ನನ್ನ ಕೈ ಮುರಿದು ಸಣ್ಣ ಮಾಲೀಕರ ಹಣೆಗೆ ಇಳಿಯಿತು. ಅವರು ಮೇಜಿನ ಮೇಲೆ ಬಿದ್ದರು. ಎರಡನೆಯದು ಹೆಗಲಿಗೆ. ಅವರು ಮೇಜಿನಿಂದ ಜಾರಿ ಶಾಯಿಯ ನೆಲಕ್ಕೆ ಬಿದ್ದು, ತೆವಳಲು ನೋಡಿ, ಜಾರಿ ಮತ್ತೆ ಬಿದ್ದರು. ಮೂರನೆಯದು ಬೆನ್ನಿಗೆ. ದಾದಾ ಬೈಯುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಕಟ್ಟಿಗೆ ಒಡೆಯುವವರು ಉಸಿರು ಬಿಡುವ ಹಾಗೆ ಪ್ರತಿ ಪೆಟ್ಟಿಗೂ ಒಂದು ಉಸಿರು, ಅಷ್ಟೇ.

ನನ್ನ ಬಲಗೈಗೆ ಸಿಕ್ಕಿದ್ದು ಚಾರ್ಟು ಓದುವ ಉಕ್ಕಿನ ಪಟ್ಟಿ. ಅದರ ಅಂಚಿನಿಂದ ದಾದಾನ ಮುಖಕ್ಕೆ ಹೊಡೆದೆ. ಕಿವಿಯ ಬುಡದಿಂದ ಬಾಯಿಯ ಮೂಲೆಯವರೆಗೆ ಕೆನ್ನೆ ಸೀಳಿತು. ಅವರು ರಾಡು ಬಿಟ್ಟರು. ರಾಡು ಕೆಳಗೆ ಬಿದ್ದದ್ದನ್ನು ನೋಡಿದ ಮೇಲೂ ನಾನು ಇನ್ನೊಂದು ಹೊಡೆದೆ. ಆ ಎರಡನೆಯದು ಯಾರನ್ನೂ ಉಳಿಸಲು ಹೊಡೆದದ್ದಲ್ಲ. ಅದರಲ್ಲಿ ನನ್ನ ಕೂದಲು ಹಿಡಿದದ್ದೂ ಇತ್ತು, ಕೊಗನೊಳ್ಳಿಯವನ ಕಿವಿಯೂ ಇತ್ತು, ನನ್ನ ಬಾಯಿಂದ ಆಗತಾನೇ ಬಂದ ಮಾತಿನ ಮೇಲಿನ ಸಿಟ್ಟೂ ಇತ್ತು. ದಾದಾ ಗೋಡೆಗೆ ಒರಗಿ ಕೂತುಬಿಟ್ಟರು. ಹೊರಗಿದ್ದವರು ಓಡಿ ಬಂದರು.

ಸಣ್ಣ ಮಾಲೀಕರನ್ನು ನಿಪ್ಪಾಣಿಯ ಆಸ್ಪತ್ರೆಯಲ್ಲಿ ಕಟ್ಟು ಹಾಕಿ ಅಲ್ಲಿಂದ ಕೊಲ್ಲಾಪುರಕ್ಕೆ ಒಯ್ದರು. ತಲೆಬುರುಡೆ ಬಿರುಕು ಬಿಟ್ಟಿತ್ತು. ಜೀವ ಉಳಿಯಿತು, ಎಡಗಣ್ಣು ಉಳಿಯಲಿಲ್ಲ. ನನ್ನನ್ನು ನಿಪ್ಪಾಣಿಯಲ್ಲೇ ಇಟ್ಟುಕೊಂಡು ಮೊಣಕೈವರೆಗೆ ಪ್ಲಾಸ್ಟರ್ ಹಾಕಿದರು. ಪೊಲೀಸರು ಬರುವ ಮೊದಲೇ ದಾದಾನ ಹೆಂಡತಿ ಬಂದರು. ರೊಟ್ಟಿ ಪಲ್ಯ ತಂದಿದ್ದರು. ನನ್ನ ಮಂಚದ ತುದಿಗೆ ಕೂತು, ರಾಡು ಜಾರಿ ಬಿತ್ತು ಅಂತ ಹೇಳು, ಇಲ್ಲದಿದ್ದರೆ ಎರಡು ಮನೆ ಮುರಿಯುತ್ತವೆ ಅಂದರು. ಆಮೇಲೆ ಸೆರಗಿನೊಳಗಿಂದ ಬಲಗೈ ತೆಗೆದು ತೋರಿಸಿದರು. ಎರಡು ಬೆರಳು ಮಡಚಿದಲ್ಲೇ ನಿಂತಿದ್ದವು, ಬಿಚ್ಚುತ್ತಿರಲಿಲ್ಲ.

"ಇದನ್ನ ನಾ ಯಾರ ಮುಂದರ ಹೇಳೇನೇನ?" ಅಂದರು.

ನಾನು ಆ ಬೆರಳುಗಳನ್ನೇ ನೋಡಿದೆ. ಅವರು ಆ ಕೈ ತೋರಿಸದೆ ಹೋಗಿದ್ದರೆ ಬಹುಶಃ ಅವರ ಮಾತು ಕೇಳುತ್ತಿದ್ದೆ. ಪೊಲೀಸರಿಗೆ ನಡೆದದ್ದನ್ನೆಲ್ಲ ಹೇಳಿದೆ, ನಾನು ಎರಡು ಸಲ ಹೊಡೆದದ್ದನ್ನೂ ಹೇಳಿದೆ. ಕಪ್ಪು ಲಕೋಟೆಯ ಹಾಳೆಯ ವಿಷಯ ತೆಗೆದಾಗ ಹವಾಲ್ದಾರ ಪೆನ್ನು ಎತ್ತಿ ಕಾದ. ಸ್ವಲ್ಪ ಕೇಳಿ, ಬಣ್ಣದ ಮಾತು ಇದರಲ್ಲಿ ಬೇಡ ಅಂತ ಬಿಟ್ಟ.

ಆಮೇಲೆ ಭೋಜದ ಮನೆಯಲ್ಲಿ ಒಂದೂವರೆ ತಿಂಗಳು. ಆ ವರ್ಷ ಅವ್ವ ಇನ್ನೂ ಗೋದಾಮಿಗೆ ಹೋಗಿ ಬರುತ್ತಿದ್ದಳು. ಸಂಜೆ ಬಂದು ಅದೇ ಸೀರೆಯಲ್ಲೇ ನನ್ನ ತಲೆ ಬಾಚುತ್ತಿದ್ದಳು, ನನ್ನ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆರಳು ನೀವುತ್ತಿದ್ದಳು. ಮೂರು ವಾರದ ಮೇಲೆ ಒಂದು ಸಂಜೆ ನೋಡುತ್ತೇನೆ, ಪ್ಲಾಸ್ಟರಿನ ಬಿಳುಪು ಹೋಗಿ ಅವ್ವ ಹಿಡಿಯುವ ಕಡೆಯೆಲ್ಲ ತೆಳು ಕಂದುಹಳದಿ ಆಗಿತ್ತು. ನನ್ನ ಮೈ ಬೆವರೇ ಅಂತ ಕೇಳಿದೆ.

"ಬೆವರಲ್ಲ, ತಂಬಾಕಿನ ಧೂಳ," ಅಂದಳು ಅವ್ವ. "ಕೀಲಿ ಹಾಕಿದ ಟ್ರಂಕಿನ್ಯಾಗ ಇಟ್ಟ ಸೀರೀನೂ ಬಿಡಂಗಿಲ್ಲ ಅದು. ಬೆಳ್ಳಗಿದ್ದದ್ದ ಯಾವದೂ ಉಳಿಯಂಗಿಲ್ಲ."

ನಾನು ಎದ್ದು ಕೂತೆ. ಬಿಳಿ ಬಿಲ್ಲೆ. ಗೋದಾಮಿನ ಗೋಡೆಗೆ ತಾಗಿಕೊಂಡ ಮೇಜಿನ ಮೇಲೆ, ದಿನವೂ ತೆರೆದು ಮುಚ್ಚುವ ತಟ್ಟೆಯಲ್ಲಿ, ಬಿಳಿ ಅಂದರೆ ಇದು ಅಂತ ನಾನು ಯಂತ್ರಕ್ಕೆ ತೋರಿಸುತ್ತಿದ್ದ ಬಿಲ್ಲೆ. ದಿನಕ್ಕೊಂದಿಷ್ಟು ಬಂದ ಹಳದಿ ಕಣ್ಣಿಗೆ ತಿಳಿಯುವುದಿಲ್ಲ. ಹಳದಿ ಬಿಲ್ಲೆಯನ್ನೇ ಬಿಳಿ ಅಂತ ನಂಬಿದ ಯಂತ್ರಕ್ಕೆ ಲೋಕದಲ್ಲೆಲ್ಲ ಹಳದಿ ಕಮ್ಮಿಯಾಗಿ ಕಂಡಿತು. ಕಮ್ಮಿಯಿದೆ ಅಂತ ಪ್ರೊಫೈಲ್ ಹಳದಿ ಸೇರಿಸಿತು. ಕೆಂಪು ಕಿತ್ತಳೆಯಾಯಿತು. ಮೂರು ಸಲ ಓದಿದರೆ ಮೂರೂ ಸಲ ಅದೇ ತಪ್ಪು, ಚೂರೂ ಹೆಚ್ಚುಕಮ್ಮಿ ಇಲ್ಲದೆ.

ಪ್ಲಾಸ್ಟರ್ ತೆಗೆದ ಮೇಲೆ ಸಣ್ಣ ಮಾಲೀಕರ ಮನೆಯಿಂದ ಕೀಲಿಕೈ ತರಿಸಿಕೊಂಡು ಅಂಗಡಿಗೆ ಹೋದೆ. ನೆಲದ ಶಾಯಿಯಲ್ಲಿ ಅವರು ತೆವಳಿದ ಗುರುತು ಒಣಗಿ ನಿಂತಿತ್ತು. ಮೊದಲು ಲಕೋಟೆಯ ಹಾಳೆ ತೆಗೆದು ಓದಿದೆ, ಫರಕು ಐದು ಬಂತು. ಮೆತ್ತನೆಯ ಬಟ್ಟೆಗೆ ಸ್ಪಿರಿಟ್ ತಾಗಿಸಿ ಬಿಲ್ಲೆ ಒರೆಸಿದೆ. ಬಟ್ಟೆ ಕಂದಾಯಿತು. ಅದೇ ಹಾಳೆ ಮತ್ತೆ ಓದಿದೆ. ಅಂಕಿಗಳು ಮೊದಲ ದಿನದ ಅಂಕಿಗೆ ಬಂದು ಕೂತವು. ಆಮೇಲೆ ವ್ಯಾಪಾರಿಯ ಹೊಸ ಲೇಬಲು ಓದಿದೆ. ಕೆಂಪಿನಲ್ಲಿ ಹಳದಿ ಹೆಚ್ಚು. ದಾದಾ ಬರಿಗಣ್ಣಲ್ಲಿ ಹೇಳಿದ್ದಷ್ಟೇ.

ಹೇಳದೆ ಇರಬಹುದಿತ್ತು. ಯಾರೂ ಕೇಳಿರಲಿಲ್ಲ. ಆದರೆ ಒಂದು ಸಲ ಸುಮ್ಮನಿದ್ದು ಏನಾಯಿತೆಂದು ಕಂಡಿದ್ದೆ. ಸಣ್ಣ ಮಾಲೀಕರ ಮನೆಗೆ ಹೋದೆ. ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು, ಎಡಗಣ್ಣಿಗೆ ಹತ್ತಿಯ ಕಟ್ಟು. ಧೂಳಿನ ವಿಷಯ, ಹಳೆಯ ಹಾಳೆಯ ವಿಷಯ, ಎರಡು ತಿಂಗಳು ಮೊದಲೇ ನನಗೆ ಫರಕು ಗೊತ್ತಿದ್ದ ವಿಷಯ ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಯಾರಿಗೂ ಹೊಡೆಯದ ಮನುಷ್ಯ ಕೈಯಲ್ಲಿದ್ದ ಸ್ಟೀಲಿನ ತಂಬಿಗೆಯನ್ನು ನನ್ನ ಮೇಲೆ ಬೀಸಿದರು. ಅದು ಬಡಿದು ನನ್ನ ಹುಬ್ಬು ಒಡೆಯಿತು. ಕಣ್ಣೊಳಗೆ ರಕ್ತ ಇಳಿಯಿತು. ನಾನು ಸೆರಗು ಒತ್ತಿ ಹಿಡಿದು ಅಲ್ಲೇ ನಿಂತೆ. ಅವರು ಕೇಳಿದ್ದು ಒಂದೇ.

"ಫರಕ್ ಎಷ್ಟಿತ್ತ?"

ತಿಂಗಳು ತಿಂಗಳಿನದು ಹೇಳಿದೆ. ಒಂದು. ಮೂರರ ಹತ್ತಿರ. ಕೊನೆಗೆ ಐದು. ಅವರು ಒಂದೊಂದನ್ನೂ ತುಟಿಯಲ್ಲೇ ಹೇಳಿಕೊಂಡು, ನಾನು ಒರೆಸಿದ ಬಟ್ಟೆ ತಂದಿದ್ದೇನೆಯೇ ಅಂತ ಕೇಳಿದರು. ಕೊಟ್ಟೆ. ಅದನ್ನು ಉಳಿದ ಒಂದು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

ದಾದಾ ಆ ಹೊತ್ತಿಗೆ ಜಾಮೀನಿನ ಮೇಲೆ ಬಿಡುಗಡೆಯಾಗಿ ದಿಗ್ಗೇವಾಡಿಯಲ್ಲಿ ಹೆಂಡತಿಯ ತವರಿನ ಹೊಲದಲ್ಲಿದ್ದರು. ಹುಬ್ಬಿನ ಹೊಲಿಗೆ ಬಿಚ್ಚಿಸಿಕೊಂಡು ಮುಂದಿನ ವಾರ ಅಲ್ಲಿಗೂ ಹೋದೆ. ಅವ್ವ ಒಬ್ಬಳೇ ಹೋಗಬೇಡ ಅಂತ ಜೊತೆಗೆ ಬಂದು ಬದುವಿನ ಮೇಲೆ ಕೂತಳು. ದಾದಾ ಕಬ್ಬಿನ ಸಾಲಿನಿಂದ ಕುಡುಗೋಲು ಹಿಡಿದು ಎದ್ದು ಬಂದರು. ನಾನು ಮಾಡಿದ ಗಾಯ ಕೆನ್ನೆಯಲ್ಲಿ ಹಗ್ಗದ ಹಾಗೆ ಉಬ್ಬಿ, ಒಂದು ಕಡೆ ಬಾಯಿಯನ್ನು ಮೇಲಕ್ಕೆ ಎಳೆದಿತ್ತು. ಹತ್ತು ಮಾರು ದೂರದಲ್ಲೇ ನಿಂತು ಹೇಳಿದೆ: ನೀವು ಹೇಳಿದ್ದು ಸರಿ ಇತ್ತು, ಕೆಂಪಿನಲ್ಲಿ ಹಳದಿ ಹೆಚ್ಚಾಗಿತ್ತು, ಯಂತ್ರದ್ದೇ ತಪ್ಪು, ನನಗೆ ಮೊದಲೇ ಗೊತ್ತಿತ್ತು.

ಅವರ ಮುಖ ಅರಳಿತು. ಆ ಸೀಳಿದ ಕೆನ್ನೆಯಲ್ಲೇ ಅರಳಿತು. "ಹಂಗಾರ ನಾ ಖರೇ ಇದ್ನಿ," ಅಂದರು. ಗೆದ್ದ ಪೈಲ್ವಾನನ ಮುಖ. ರಾಡು ಎತ್ತಿದಾಗ ಆಗದಷ್ಟು ಭಯ ನನಗೆ ಆಗ ಆಯಿತು.

ಆಮೇಲೆ ಆ ನಗು ತಾನಾಗಿ ಬಿಟ್ಟುಹೋಯಿತು. ತಮ್ಮನ ಕಣ್ಣಿಗೆ ಏನಾದರೂ ದಾರಿ ಇದೆಯೇ ಅಂತ ಕೇಳಿದರು. ಇಲ್ಲವಂತೆ ಅಂದೆ. ಅವರು ಕಬ್ಬಿನೊಳಗೆ ತಿರುಗಿ ಹೋಗಿ ಕಡಿಯತೊಡಗಿದರು. ಕುಡುಗೋಲು ಬೀಳುವ ಪ್ರತಿ ಸಲವೂ ಅದೇ ಉಸಿರು ಕೇಳಿಸುತ್ತಿತ್ತು. ಅವ್ವ ನನ್ನ ರಟ್ಟೆ ಹಿಡಿದು ರಸ್ತೆಗೆ ಎಳೆದುಕೊಂಡು ಬಂದಳು.

ಆ ಅಂಗಡಿ ಮತ್ತೆ ತೆರೆಯಲಿಲ್ಲ. ಕೇಸು ಚಿಕ್ಕೋಡಿಯ ಕೋರ್ಟಿನಲ್ಲಿ ಇನ್ನೂ ನಡೆದಿದೆ. ನಾನೂ ಚಿಕ್ಕೋಡಿಯಲ್ಲೇ ಇನ್ನೊಂದು ಮುದ್ರಣಾಲಯಕ್ಕೆ ಸೇರಿದ್ದೇನೆ, ಕರೆದಾಗ ಅಲ್ಲಿಂದಲೇ ಸಾಕ್ಷಿಗೆ ಹೋಗುತ್ತೇನೆ. ಇಲ್ಲಿಯೂ ನನ್ನ ಕೆಲಸ ಚಾರ್ಟು ಓದುವುದೇ. ಎಡಗೈಗೆ ಮೊದಲಿನ ಬಲವಿಲ್ಲ, ಉಕ್ಕಿನ ಪಟ್ಟಿ ಜರುಗದಂತೆ ಪಟ್ಟಿಯ ಮೇಲೊಂದು ಕಬ್ಬಿಣದ ತುಂಡು ಹೇರುತ್ತೇನೆ. ಸೇರಿದ ಎರಡನೆಯ ತಿಂಗಳು ಒಂದು ಚಾರ್ಟಿನ ಮೂರು ಓದು ಮೂರು ಥರ ಬಂದವು. ಮಾಲೀಕರ ಮೇಜಿನವರೆಗೆ ನಡೆದು ಹೋಗಿ, ರೀಡಿಂಗು ಹೊಂದುತ್ತಿಲ್ಲ ಅಂದೆ. ಅಂದ ಕೂಡಲೇ ನನ್ನ ಬಲಗೈ ತಾನಾಗಿ ಎದ್ದು ಕಿವಿಯನ್ನು ಮುಚ್ಚಿಕೊಂಡಿತು. ಅವರು ವಯಸ್ಸಾದ ಮನುಷ್ಯ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಕಿವಿ ನೋಯಾಕತ್ತೈತೇನವಾ?" ಅಂದರು.

ಇಲ್ಲ ಅಂದೆ. ಹಾಗಾದರೆ ಇನ್ನೊಮ್ಮೆ ಓದಿ ನೋಡು ಅಂತ ಹೇಳಿ ತಮ್ಮ ಕೆಲಸಕ್ಕೆ ತಿರುಗಿದರು. ನಾನು ಮೇಜಿಗೆ ಬಂದು ಕೂತೆ. ಕೈ ನಡುಗುತ್ತಿತ್ತು. ನಡುಗುವ ಕೈಯಲ್ಲಿ ಓದಿದರೆ ಅಂಕಿ ಸರಿ ಬರುವುದಿಲ್ಲ. ಅದು ನಿಲ್ಲುವವರೆಗೆ ಕಾದು ಕೂತೆ.